ಗುಜರಿ ಲಿಂಬ್, ವಾಡೆಯ ಸಾಗವಾನಿ: ಪುಣೆಯಲ್ಲಿ ಕಟ್ಟಿದ ಒಂದು ರಿಕರ್ವ್ ಬಿಲ್ಲಿನ ಪ್ರಕರಣ ಅಧ್ಯಯನ

ವಿಜಯಪುರ ಕಡೆಯಿಂದ ಬಂದು ಪುಣೆಯ ಭೋಸರಿಯಲ್ಲಿ ಮಿಲ್ಲಿಂಗ್ ಮಷೀನ್ ನಡೆಸುವವರೊಬ್ಬರು ತಮ್ಮ ಅಕ್ಕನ ಮಗಳಿಗಾಗಿ ಹಳೆಯ ಬಿಡಿಭಾಗಗಳಿಂದ ರಿಕರ್ವ್ ಬಿಲ್ಲು (ತುದಿಗಳು ಬಿಲ್ಲುಗಾರರಿಂದ ಆಚೆಗೆ ಬಾಗಿದ ಬಿಲ್ಲು) ಕಟ್ಟಿದ ಪ್ರಕರಣವಿದು. ಗುರುತು ಸಿಗಬಾರದೆಂದು ಹೆಸರು, ಮನೆ, ತರಬೇತಿ ಕೇಂದ್ರ ಇವನ್ನು ಬಿಟ್ಟಿದ್ದೇವೆ, ಕೆಲವು ಕೌಟುಂಬಿಕ ವಿವರಗಳನ್ನು ಬದಲಿಸಿದ್ದೇವೆ. ಇಲ್ಲಿ ಅವರು ‘ಮಾಮಾ’, ಆಕೆ ‘ಹುಡುಗಿ’. ಬಿಲ್ಲು ಒಡೆದ ಕಡೆ ಏಕೆ ಒಡೆಯಿತು, ನಿಂತ ಕಡೆ ಏಕೆ ನಿಂತಿತು ಎಂಬುದನ್ನು ಮಾತ್ರ ಬಿಡದೆ ಬರೆದಿದ್ದೇವೆ.

ಹಿನ್ನೆಲೆ

ಹುಡುಗಿ ದೇಶೀಯ ಸ್ಪರ್ಧಾ ವಿಭಾಗವಾದ ಇಂಡಿಯನ್ ರೌಂಡ್‌ನಲ್ಲಿ ಬಿದಿರಿನ ಬಿಲ್ಲು ಹಿಡಿದವಳು, 30 ಮೀಟರ್ ಮತ್ತು 50 ಮೀಟರ್ ದೂರಕ್ಕೆ ಅಭ್ಯಾಸವಿತ್ತು. ಮುಂದೆ ರಿಕರ್ವ್‌ಗೆ ಹೋಗಬೇಕೆಂದು ತರಬೇತುದಾರರು ಹೇಳಿದರು. ಆರ್ಮಿ ಸ್ಪೋರ್ಟ್ಸ್ ಇನ್‌ಸ್ಟಿಟ್ಯೂಟ್ ಇರುವ ಊರಿನಲ್ಲಿ ಒಳ್ಳೆಯ ರಿಕರ್ವ್ ಕಣ್ಣಿಗೆ ಬೀಳುವುದು ಸುಲಭ, ಮನೆಗೆ ಬರುವುದು ಕಷ್ಟ. ಮಂಗಳವಾರ ಪೇಠೆಯ ಜೂನಾ ಬಜಾರ್ ಬುಧವಾರ ಮತ್ತು ಭಾನುವಾರ ಸೇರುತ್ತದೆ. ಅಲ್ಲಿ ಮಾಮಾಗೆ ಒಂದು ಗೋಣಿಚೀಲ ಸಿಕ್ಕಿತು. ಚೀಲದಲ್ಲಿ ಇದ್ದದ್ದು ಇಷ್ಟು: ಹಿಡಿಯ ಕತ್ತಿನಲ್ಲಿ ಮುರಿದ ಮರದ ರೈಸರ್ ಒಂದು, 66 ಇಂಚಿನ ಬಿಲ್ಲಿಗೆ ಸೇರಿದ 28 ಪೌಂಡಿನ ಎರಡು ಲಿಂಬ್, ಅದೇ ಮಾದರಿಯ 24 ಪೌಂಡಿನ ಒಂಟಿ ಲಿಂಬ್, ಎರಡು ಲಿಂಬ್ ಬೋಲ್ಟ್, 9 ಅಲ್ಯೂಮಿನಿಯಂ ಬಾಣ, 4 ಕಾರ್ಬನ್ ಬಾಣ, ಯಾರೋ ನೈಲಾನ್ ಹಗ್ಗದಲ್ಲಿ ಮಾಡಿದ ಹೆದೆ.

ಬಿಲ್ಲಿನ ಪರಿಚಯವಿಲ್ಲದವರಿಗೆ ಎರಡು ಮಾತು. ಕೈ ಹಿಡಿಯುವ ನಡುವಿನ ಭಾಗ ರೈಸರ್. ಅದರ ಮೇಲೆ ಕೆಳಗೆ ಕೂರುವ ಬಾಗುವ ಪಟ್ಟಿಗಳು ಲಿಂಬ್. ಲಿಂಬಿನ ಪೌಂಡ್ ಎಂದರೆ ಹೆದೆ ಎಳೆಯಲು ಬೇಕಾದ ಬಲ. ಈ ಚೀಲದವು ಬೋಲ್ಟ್ ಬಿಗಿಯುವ ಜಾತಿಯವು, ಬುಡದಲ್ಲಿ ಬೋಲ್ಟಿಗೊಂದು ತೂತು, ಪಕ್ಕಕ್ಕೆ ಹೊರಳದಂತೆ ಹಿಡಿಯುವ ಪಿನ್ನಿಗೊಂದು ತೂತು. ಸ್ಪರ್ಧೆಯ ಬಿಲ್ಲುಗಳಲ್ಲಿ ಬರುವ, ಬೇರೆ ಬಗೆಯ ಜೋಡಣೆಯ ಐಎಲ್‌ಎಫ್ ಲಿಂಬ್ ಇಂಥ ರೈಸರಿಗೆ ಕೂರುವುದಿಲ್ಲ.

ಯಾವುದನ್ನು ಉಳಿಸುವುದು

ಹಳೆಯ ಲಿಂಬಿನ ಇತಿಹಾಸ ಯಾರಿಗೂ ಗೊತ್ತಿರುವುದಿಲ್ಲ. ಸಾಮಾನ್ಯ ಲಿಂಬ್ ಎಂದರೆ ತೆಳು ಮರದ ಪಟ್ಟಿಯ ಎರಡೂ ಬದಿಗೆ ಫೈಬರ್‌ಗ್ಲಾಸ್, ನಡುವೆ ಎಪಾಕ್ಸಿ ಅಂಟು. ಪುಣೆಯ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಶೆಡ್ಡಿನಲ್ಲೋ ಕಾರಿನ ಡಿಕ್ಕಿಯಲ್ಲೋ ಬಿದ್ದಿದ್ದರೆ ಅಂಟು ಸೋತಿರುತ್ತದೆ, ಹೊರಗಿನ ಬಣ್ಣ ಮಾತ್ರ ಹೊಳೆಯುತ್ತಿರುತ್ತದೆ. ಆದ್ದರಿಂದ ಪರೀಕ್ಷೆ ಮೂರು ಬಗೆಯಲ್ಲಿ ನಡೆಯಿತು. ಅಂಚಿನುದ್ದಕ್ಕೂ ಹತ್ತಿ ಎಳೆದರು, ಸೀಳು ಎದ್ದಿದ್ದರೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಬುಡದಿಂದ ತುದಿಯವರೆಗೆ ನಾಣ್ಯದಿಂದ ತಟ್ಟುತ್ತ ಹೋದರು, ಅಂಟು ಬಿಟ್ಟ ಕಡೆ ಟಣ್ ಎನ್ನುವ ಬದಲು ಬೊದ್ದು ಸದ್ದು ಬರುತ್ತದೆ. ಕೊನೆಗೆ ಕತ್ತಲೆ ಕೋಣೆಯಲ್ಲಿ ಓರೆಯಾಗಿ ಟಾರ್ಚ್ ಬಿಟ್ಟು ಕೈಯಿಂದ ತುಸು ಬಾಗಿಸಿ ನೋಡಿದರು.

28 ಪೌಂಡಿನ ಒಂದು ಲಿಂಬಿನಲ್ಲಿ, ಬುಡದಿಂದ 11 ಸೆಂ.ಮೀ. ಆಚೆ, ಹೆಬ್ಬೆರಳಗಲದ ಬೆಳ್ಳನೆ ಮಚ್ಚೆ ಕಂಡಿತು. ನಾಣ್ಯದ ಸದ್ದೂ ಅಲ್ಲೇ ಬದಲಾಯಿತು. ಬಾಗಿಸಿದಾಗ ಮಚ್ಚೆ ಕೂದಲೆಳೆಯಷ್ಟು ಹಿಗ್ಗಿತು. ಇದು ಮೊದಲ ನಿರ್ಧಾರದ ಹೊತ್ತು. ಆ ಲಿಂಬ್ ಹೋದರೆ ಇದ್ದ ಒಂದೇ ಜೋಡಿ ಒಡೆಯುತ್ತದೆ. ತೆಳುವಾದ ಸೂಪರ್ ಗ್ಲೂ ಇಂಗಿಸಿ ಕ್ಲ್ಯಾಂಪ್ ಹಾಕಿದರೆ ಸಾಕೆಂದು ಸಲಹೆ ಕೊಟ್ಟವರಿದ್ದರು. ತುದಿಯ ಬಳಿ ಅಂಚಿನಲ್ಲಿ ಎದ್ದ ಸಣ್ಣ ಎಳೆಗೆ ಅದು ನಡೆದೀತು. ಹೆಚ್ಚು ಬಾಗುವ ಬುಡದ ಕಡೆ ಪದರವೇ ಬಿಟ್ಟಿದ್ದರೆ ನಡೆಯುವುದಿಲ್ಲ, ಏಕೆಂದರೆ ಒಳಗಿನ ಅಂಟು ಪುಡಿಯಾಗಿರುತ್ತದೆ, ಹೊಸ ಅಂಟು ಆ ಪುಡಿಯ ಮೇಲೆ ಕೂರುತ್ತದೆ.

“ಮಾಮಾ, ಜೋಡಿ ಒಡದ್ರ ಉಳದದ್ದು ತಗೊಂಡು ಏನ್ ಮಾಡೋದು?”

“ಮೊದ್ಲ ನಿನ್ನ ಮಾರಿ ಉಳೀಲಿ ಯವ್ವಾ. ಜೋಡಿ ಆಮ್ಯಾಲ ನೋಡೂಣು.”

ಹೆದೆ ಪೂರ್ತಿ ಎಳೆದಾಗ ಗದ್ದಕ್ಕೆ ತಾಗುತ್ತದೆ. ಲಿಂಬ್ ಮುರಿದರೆ ಚೂರು ಹಾರುವುದು ಅದೇ ಮುಖದ ಅಕ್ಕಪಕ್ಕ. ಮಾಮಾ ಆ ಲಿಂಬನ್ನು ಅಂದೇ ಹ್ಯಾಕ್‌ಸಾದಲ್ಲಿ ಎರಡು ತುಂಡು ಮಾಡಿದರು, ಬೇರೆ ಯಾರೂ ಎತ್ತಿಕೊಂಡು ಬಳಸಬಾರದೆಂದು. ಎಸೆಯುವ ಲಿಂಬನ್ನು ಹೀಗೆ ಕತ್ತರಿಸಿಯೇ ಎಸೆಯಬೇಕು.

ಕಾರ್ಬನ್ ಬಾಣ ನಾಲ್ಕನ್ನೂ ಬಿಟ್ಟರು. ಕಿವಿಯ ಬಳಿ ಹಿಡಿದು ಬಾಗಿಸಿದಾಗ ಒಂದು ಚಿಟಚಿಟ ಎಂದಿತು, ಉಳಿದ ಮೂರು ಸುಮ್ಮನಿದ್ದರೂ ಏಟು ತಿಂದ ಗುರುತಿತ್ತು. ಕಾರ್ಬನ್ ಬಾಣ ಬಿಡುವಾಗ ಸಿಡಿದರೆ ಸೀಳುಗಳು ಬಿಲ್ಲು ಹಿಡಿದ ಕೈಗೆ ಹೊಕ್ಕುತ್ತವೆ. ನೈಲಾನ್ ಹೆದೆಯೂ ಕಸಕ್ಕೆ ಹೋಯಿತು. ಅದು ಹಿಗ್ಗುತ್ತಲೇ ಹೋಗುತ್ತದೆ, ಲಿಂಬಿನ ತೋಡಿನಿಂದ ಜಾರುತ್ತದೆ.

ಮೊದಲ ರೈಸರ್ ಸೀಳಿದ್ದು

ಪೇಠೆಗಳಲ್ಲಿ ಹಳೆಯ ವಾಡೆ (ಅಂಗಳದ ದೊಡ್ಡ ಮನೆ) ಕೆಡವಿದಾಗ ಸಾಗವಾನಿ ಚೌಕಟ್ಟು ಮಾರಾಟಕ್ಕೆ ಬರುತ್ತದೆ. ಹತ್ತಾರು ವರ್ಷ ಒಣಗಿದ ಮರ, ಬಿಲ್ಲಿಗೆ ಇದಕ್ಕಿಂತ ಚೆನ್ನಾದದ್ದು ಬೇಡ ಅನ್ನಿಸುತ್ತದೆ. 65 ಸೆಂ.ಮೀ. ಉದ್ದ, 75 ಮಿ.ಮೀ. ಆಳ, 45 ಮಿ.ಮೀ. ದಪ್ಪದ ತುಂಡು ತಂದರು. ಮುರಿದ ರೈಸರನ್ನು ಹಾಳೆಯ ಮೇಲಿಟ್ಟು ಗೆರೆ ಎಳೆದು, ಲಿಂಬ್ ಕೂರುವ ಪೀಠದ ಕೋನವನ್ನು ಬೆವೆಲ್ ಪ್ರೊಟ್ರ್ಯಾಕ್ಟರಿನಲ್ಲಿ ಅಳೆದರು: ಎರಡೂ ಕಡೆ 15 ಡಿಗ್ರಿ. ಹೀಗೆ ಮುರಿದ ರೈಸರ್ ಸಿಕ್ಕರೆ ಅದನ್ನು ಎಸೆಯಬೇಡಿ, ಕೋನವನ್ನು ಊಹೆಯಿಂದ ಹಿಡಿಯುವುದಕ್ಕಿಂತ ಅದರಿಂದ ನಕಲು ಮಾಡುವುದೇ ಮೇಲು.

ಬೋಲ್ಟಿನಲ್ಲಿ ಒಂದು ಬಲೆ ಇತ್ತು. ಚೀಲದ ಲಿಂಬ್ ಬೋಲ್ಟ್ ನೋಡಲು ಎಂ8 (8 ಮಿ.ಮೀ. ಮೆಟ್ರಿಕ್ ಬೋಲ್ಟ್) ಇದ್ದಂತಿದ್ದರೂ ಅದು 5/16 ಇಂಚಿನದು, ಇಂಚಿಗೆ 18 ಹಲ್ಲು. ವ್ಯಾಸ 7.94 ಮಿ.ಮೀ. ಆದ್ದರಿಂದ ಎಂ8ಕ್ಕೂ ಅದಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣದು. ಆದರೆ ಅದರ ಪಿಚ್, ಅಂದರೆ ಹಲ್ಲಿನಿಂದ ಹಲ್ಲಿಗೆ ಅಂತರ, 1.41 ಮಿ.ಮೀ., ಎಂ8ರದು 1.25. ಮೊದಲ ಒಂದೆರಡು ಸುತ್ತು ಹೋಗಿ ಬಿಗಿಯುತ್ತದೆ, ಪಾನಾ ಹಾಕಿ ಒತ್ತಿದರೆ ಹಲ್ಲು ಕಿತ್ತು ಬರುತ್ತದೆ. ಮಾಮಾ ಹಳೆಯ ಬೋಲ್ಟ್ ಬಿಟ್ಟು 8.8 ದರ್ಜೆಯ ಎಂ8 ಅಲೆನ್ ಬೋಲ್ಟ್ ತಂದು, ಲಿಂಬಿನ ಮೇಲೆ ಒತ್ತು ಬೀಳದಂತೆ ಅಂಚು ಉಜ್ಜಿದ ಅಗಲ ವಾಷರ್ ಹಾಕಿದರು. ಲಿಂಬಿನ ತೂತನ್ನು ಹಿಗ್ಗಿಸಲು ಹೋಗಲಿಲ್ಲ. ಹೋಗಬಾರದು ಕೂಡ.

ರೈಸರಿನಲ್ಲಿ ಬೋಲ್ಟ್ ಹಿಡಿಯಲು, ಪೀಠೋಪಕರಣಕ್ಕೆ ಬಳಸುವ ಹಿತ್ತಾಳೆಯ ಹಲ್ಲಿನ ಇನ್ಸರ್ಟ್ ತಿರುಗಿಸಿ ಕೂರಿಸಿದರು. ಉಳಿದ 28 ಪೌಂಡಿನ ಲಿಂಬನ್ನು ಕೆಳಗೆ, 24ರದನ್ನು ಮೇಲೆ ಹಾಕಿ ಪರೀಕ್ಷೆಯ ಸ್ಟ್ಯಾಂಡಿಗೆ ಏರಿಸಿದರು.

ಈ ಸ್ಟ್ಯಾಂಡ್ ಇಲ್ಲದೆ ಇಂಥ ಕೆಲಸಕ್ಕೆ ಇಳಿಯಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಗೋಡೆಗೆ ಬಿಗಿದ ಕಂಬ, ಅದರ ತಲೆಯಲ್ಲಿ ರೈಸರಿನ ಹಿಡಿ ಕೂರುವ ಚರ್ಮ ಸುತ್ತಿದ ಕವೆ, ಕೆಳಗೆ ರಾಟೆ, ಹೆದೆಗೆ ಕೊಕ್ಕೆ, ಕೊಕ್ಕೆಗೂ ಹಗ್ಗಕ್ಕೂ ನಡುವೆ ಲಗೇಜ್ ತೂಗುವ ಡಿಜಿಟಲ್ ತಕ್ಕಡಿ. ಹಗ್ಗ ಎಳೆಯುವವರು 3 ಮೀಟರ್ ದೂರದಲ್ಲಿ, ಬಿಲ್ಲು ಬಾಗುವ ಸಾಲಿನಿಂದ ಪಕ್ಕಕ್ಕೆ ನಿಲ್ಲಬೇಕು. ಎಳೆದದ್ದನ್ನು ನಿಧಾನ ಇಳಿಸಬೇಕು, ಬಾಣವಿಲ್ಲದ ಹೆದೆಯನ್ನು ಯಾವತ್ತೂ ಬಿಡಬಾರದು. ಅಳತೆಯಲ್ಲಿ ಬಹಳ ಜನ ಎಡವುವ ಒಂದು ಕಡೆ ಇದೆ. ಲಿಂಬಿನ ಮೇಲೆ ಬರೆದ ‘28 ಇಂಚಿಗೆ ಇಷ್ಟು ಪೌಂಡ್’ ಎಂಬುದರಲ್ಲಿ 28 ಇಂಚು ಹಿಡಿಯ ಕತ್ತಿನಿಂದ (ಹಿಡಿಯ ಅತಿ ಆಳದ ಬಿಂದುವಿನಿಂದ) ಎಣಿಸಿದ್ದಲ್ಲ. ಕತ್ತಿನಿಂದ ಹೆದೆಗೆ 26¼ ಇಂಚು ಎಳೆದಾಗ, ಅಂದರೆ 66.7 ಸೆಂ.ಮೀ.ಗೆ, ಆ ತೂಕ ಬರಬೇಕು. ಕಂಬದ ಮೇಲೆ ಆ ಗೆರೆ ಎಳೆದಿರಲಿ.

5 ಸೆಂ.ಮೀ. ಹೆಜ್ಜೆಯಲ್ಲಿ ಎಳೆಯುತ್ತ 50 ಸೆಂ.ಮೀ. ತಲುಪಿದಾಗ ಮೇಲಿನ ಪೀಠ ಉದ್ದಕ್ಕೂ ಸೀಳಿತು. ಇನ್ಸರ್ಟ್ ಮರದಿಂದ ಅರ್ಧ ಹೊರಗೆ ಬಂದು ಲಿಂಬ್ ಪಕ್ಕಕ್ಕೆ ತಿರುಗಿತು. ಹಗ್ಗ ಹಿಡಿದವರು ದೂರವಿದ್ದರು, ಯಾರಿಗೂ ಏನೂ ಆಗಲಿಲ್ಲ.

ಸೀಳನ್ನು ತೆರೆದು ನೋಡಿದಾಗ ಮೂರು ಕಾರಣ ಒಂದೇ ಗೆರೆಯಲ್ಲಿದ್ದವು. ಬೋಲ್ಟಿನ ತೂತು, ಪಿನ್ನಿನ ತೂತು, ಚೌಕಟ್ಟಿನಲ್ಲಿ ಎಂದೋ ಹೊಡೆದಿದ್ದ ಮೊಳೆಯ ತೂತು, ಮೂರೂ ಮರದ ಎಳೆಯ ಒಂದೇ ಸಾಲಿನಲ್ಲಿ ಬಿದ್ದಿದ್ದವು. ಮೊಳೆಯ ತೂತಿಗೆ ಹಿಂದೆಂದೋ ಪುಟ್ಟಿ ಮೆತ್ತಿದ್ದರಿಂದ ಅದು ಮೇಲಿನಿಂದ ಕಂಡಿರಲಿಲ್ಲ. ಜೊತೆಗೆ ಇನ್ಸರ್ಟಿಗೆ ಕೊರೆದ ತೂತು ಅರ್ಧ ಮಿ.ಮೀ. ಚಿಕ್ಕದಾಗಿತ್ತು, ಆದ್ದರಿಂದ ಅದು ಬೆಣೆಯಂತೆ ಮರವನ್ನು ಒಳಗಿನಿಂದ ಹಿಗ್ಗಿಸುತ್ತಿತ್ತು. ಲಿಂಬಿನ ಬೋಲ್ಟಿನ ಮೇಲೆ ಬೀಳುವ ಭಾರ ಕೈಗೆ ಗೊತ್ತಾಗುವ ಭಾರಕ್ಕಿಂತ ಹಲವು ಪಟ್ಟು: ಅರ್ಧ ಮೀಟರ್ ಉದ್ದದ ಸನ್ನೆಯ ತುದಿಯನ್ನು ಹೆದೆ ಎಳೆಯುತ್ತಿರುತ್ತದೆ, ಬೋಲ್ಟ್ ಇರುವುದು ಆಧಾರದಿಂದ 5 ಸೆಂ.ಮೀ. ಈಚೆ. ಒಂದೇ ತುಂಡಿನ ಮರದ ರೈಸರ್ ಸೀಳುವುದಿದ್ದರೆ ಸಾಮಾನ್ಯವಾಗಿ ಇಲ್ಲೇ, ಇಲ್ಲವೇ ಬಾಣ ಹಾಯಲು ಕೊರೆದ ಕಿಟಕಿಯ ಕೆಳಮೂಲೆಯಲ್ಲಿ.

ಎರಡನೆಯ ರೈಸರ್

ಎರಡನೆಯದನ್ನು ಮೂರು ಪದರದಲ್ಲಿ ಕಟ್ಟಿದರು. ನಡುವೆ 18 ಮಿ.ಮೀ. ಮರೀನ್ ಪ್ಲೈ, ಎಡಬಲಕ್ಕೆ ತಲಾ 12 ಮಿ.ಮೀ. ಸಾಗವಾನಿ, ಒಟ್ಟು 42 ಮಿ.ಮೀ. ಬೋಲ್ಟ್ ಮತ್ತು ಪಿನ್ ಎರಡೂ ಪ್ಲೈಯೊಳಗೇ ಬೀಳುತ್ತವೆ. ಪ್ಲೈಯ ಪದರಗಳಲ್ಲಿ ಎಳೆ ಅಡ್ಡ ಉದ್ದ ಬದಲಾಗುವುದರಿಂದ ಒಂದೇ ಗೆರೆಯಲ್ಲಿ ಸೀಳಲು ದಾರಿ ಸಿಗುವುದಿಲ್ಲ. ಪ್ಲೈ ತುಂಡು ಒಬ್ಬ ಬಡಗಿಯ ಅಂಗಡಿಯಲ್ಲಿ ಉಳಿದದ್ದು. ಸಾಗವಾನಿಯನ್ನು ಮೊದಲು ಮ್ಯಾಗ್ನೆಟ್ ಆಡಿಸಿ, ಆಮೇಲೆ ರಂದಾ ಹೊಡೆದು ಮೊಳೆ ಇಲ್ಲದ ಜಾಗ ಆರಿಸಿದರು. ಮೊಳೆ ಕಿತ್ತ ತೂತು ಮ್ಯಾಗ್ನೆಟ್ಟಿಗೆ ಸಿಗುವುದಿಲ್ಲವಾದ್ದರಿಂದ ಎರಡೂ ಬೇಕು.

ಸಾಗವಾನಿಯಲ್ಲಿ ಎಣ್ಣೆಯಂಶವಿದೆ, ಅಂಟು ಹಿಡಿಯುವುದು ಕಷ್ಟ. 80 ನಂಬರ್ ಪಾಲಿಶ್ ಪೇಪರಿನಲ್ಲಿ ಗೀರಿ, ಅಂಟು ಹಚ್ಚುವ ಸ್ವಲ್ಪ ಮುಂಚೆ ಅಸಿಟೋನ್ ಬಟ್ಟೆಯಿಂದ ಒರೆಸಬೇಕು. ಹಿಂದಿನ ದಿನ ಒರೆಸಿಟ್ಟರೆ ಎಣ್ಣೆ ಮತ್ತೆ ಮೇಲೆ ಬಂದಿರುತ್ತದೆ. 5 ನಿಮಿಷದ ಎಪಾಕ್ಸಿ ಬೇಡ, ನಿಧಾನ ಗಟ್ಟಿಯಾಗುವ ಅರಾಲ್ಡೈಟ್ ಬೇಕು. ಕ್ಲ್ಯಾಂಪನ್ನು ಪೂರ್ತಿ ಬಿಗಿದರೆ ಎಪಾಕ್ಸಿ ಎಲ್ಲ ಹಿಂಡಿ ಹೊರಗೆ ಬರುತ್ತದೆ, ಅಂಚಿನಲ್ಲಿ ಸಣ್ಣ ಮಣಿಗಳ ಸಾಲು ಕಾಣುವಷ್ಟು ಬಿಗಿ ಸಾಕು. ಇಡೀ ಒಂದು ದಿನ ಮುಟ್ಟದೆ ಬಿಟ್ಟರು.

ಇನ್ಸರ್ಟಿನ ಬದಲು ಮಾಮಾ ತಮ್ಮ ಕಸುಬಿನ ಉತ್ತರ ಕೊಟ್ಟರು: 12 ಮಿ.ಮೀ. ಉಕ್ಕಿನ ಸರಳನ್ನು 36 ಮಿ.ಮೀ.ಗೆ ಕತ್ತರಿಸಿ, ನಡುವೆ ಎಂ8 ಹಲ್ಲು ಹಾಕಿ, ರೈಸರಿನ ಅಡ್ಡಕ್ಕೆ ಕೂರಿಸಿದರು. ಬೋಲ್ಟ್ ಇದರೊಳಗೆ ಹೋಗಿ ಬಿಗಿಯುತ್ತದೆ. ಭಾರ ಮೂರೂ ಪದರಕ್ಕೆ ಹಂಚುತ್ತದೆ, ಮರವನ್ನು ಹಿಗ್ಗಿಸುವ ಹಲ್ಲೇ ಇಲ್ಲ. ಬೋಲ್ಟ್ ಕಿತ್ತು ಬರಬೇಕಾದರೆ ಸರಳಿನ ಮೇಲಿರುವ ಮರವೆಲ್ಲ ಜಜ್ಜಿಹೋಗಬೇಕು. ಸಾದಾ ಡ್ರಿಲ್ ಇರುವವರೂ ಇದನ್ನು ಮಾಡಬಹುದು, ಎರಡು ತೂತು ಒಂದಕ್ಕೊಂದು ನಿಖರ ಲಂಬವಾಗಿ ಸೇರಬೇಕು ಅಷ್ಟೆ.

ಬಾಣ ಹಾಯುವ ಕಿಟಕಿಯನ್ನು ನಡುಗೆರೆ ದಾಟಿ 3 ಮಿ.ಮೀ. ಒಳಗೆ ಕೊರೆದರು, ಅಲ್ಲಿ 18 ಮಿ.ಮೀ. ಮರ ಉಳಿಯಿತು, ಆಳ 65 ಮಿ.ಮೀ. ಮೂಲೆಗಳನ್ನು ಚೂಪಾಗಿ ಬಿಡದೆ 12 ಮಿ.ಮೀ. ಗೋಲಾಕಾರ ಕೊಟ್ಟರು. ಬಾಣವನ್ನು ಪಕ್ಕದಿಂದ ತಾಳುವ ಸ್ಪ್ರಿಂಗಿನ ಗುಂಡಿ ಪ್ಲಂಜರ್, ಅದಕ್ಕೆ ಹಿತ್ತಾಳೆಯ ಬುಶ್ ಬೇಕಿತ್ತು. ಅದೂ 5/16 ಇಂಚೇ, ಆದರೆ ಇಂಚಿಗೆ 24 ಹಲ್ಲು. ಚೀಲದ ಲಿಂಬ್ ಬೋಲ್ಟಿಗೂ ಇದಕ್ಕೂ ವ್ಯಾಸ ಒಂದೇ, ಹಲ್ಲು ಬೇರೆ. ಟ್ಯಾಪ್ ತರುವ ಮುಂಚೆ ಪಿಚ್ ಗೇಜ್ ಇಟ್ಟು ನೋಡಿದ್ದರಿಂದ ಇಲ್ಲಿ ತಪ್ಪಲಿಲ್ಲ.

ಹೆದೆ ಎಡಕ್ಕೆ ಹೋಯಿತು

ಹೆದೆ ಹೊಸದಾಗಿ ಮಾಡಿದರು: ಡೇಕ್ರಾನ್ ಬಿ-50 (ಪಾಲಿಯೆಸ್ಟರ್ ದಾರ), 12 ಎಳೆ, ಉದ್ದ 62.5 ಇಂಚು. ಹಳೆಯ ಲಿಂಬಿನ ತುದಿ ಬಲಪಡಿಸಿದ್ದೋ ಅಲ್ಲವೋ ತಿಳಿಯದಿದ್ದಾಗ ಹಿಗ್ಗದ ಆಧುನಿಕ ದಾರ ಹಾಕಬಾರದು, ಬಾಣ ಬಿಟ್ಟಾಗಿನ ಏಟು ನೇರ ತುದಿಗೆ ಬಡಿದು ತೋಡು ಸೀಳುತ್ತದೆ. ಡೇಕ್ರಾನ್ ಸ್ವಲ್ಪ ಹಿಗ್ಗಿ ಆ ಏಟು ನುಂಗುತ್ತದೆ.

ಹೆದೆ ಏರಿಸಿ ಎರಡು ಕುರ್ಚಿಯ ಬೆನ್ನಿನ ಮೇಲೆ ಬಿಲ್ಲನ್ನಿಟ್ಟು ಹಿಂದಿನಿಂದ ನೋಡಿದಾಗ ಮೇಲಿನ ತುದಿಯಲ್ಲಿ ಹೆದೆ ಲಿಂಬಿನ ನಡುವಿನಿಂದ 6 ಮಿ.ಮೀ. ಎಡಕ್ಕಿತ್ತು. “ಮಾಮಾ, ಪಟ್ಟಿ ತಿರುಚೇತಿ ನೋಡ್ರಿ, ಬಿಸಿನೀರಿಗೆ ಹಾಕೂಣೇನು?” ಎಂದಳು ಹುಡುಗಿ. ತಿರುಚಿದ ಲಿಂಬನ್ನು ಬಿಸಿನೀರಲ್ಲಿ ಅದ್ದಿ ಎದುರು ದಿಕ್ಕಿಗೆ ಹೊರಳಿಸಿ ತಣಿಸುವ ಉಪಾಯ ನಿಜಕ್ಕೂ ಇದೆ. ಹಳೆಯ ಲಿಂಬ್ ಎಂದಮೇಲೆ ಅನುಮಾನ ಮೊದಲು ಅದರ ಮೇಲೇ ಹೋಗುವುದು ಸಹಜ.

ಬಿಸಿ ಮಾಡುವ ಮುಂಚೆ ಅವರು ಎರಡೂ ಲಿಂಬುಗಳನ್ನು ಮೇಲೆ ಕೆಳಗೆ ಅದಲು ಬದಲು ಮಾಡಿ ನೋಡಿದರು. ಇಡೀ ಪ್ರಕರಣದಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಉಪಯೋಗವಾದ ಪರೀಕ್ಷೆ ಇದು. ದೋಷ ಲಿಂಬಿನದಾದರೆ ಲಿಂಬಿನ ಜೊತೆ ಕೆಳಗೆ ಬರಬೇಕು, ರೈಸರಿನದಾದರೆ ಮೇಲೇ ಉಳಿಯಬೇಕು. 6 ಮಿ.ಮೀ. ಮೇಲೇ ಉಳಿಯಿತು. ಪಿನ್ನಿನ ತೂತನ್ನು ವರ್ನಿಯರಿನಲ್ಲಿ ಅಳೆದಾಗ ನಡುಗೆರೆಯಿಂದ ಅರ್ಧ ಮಿ.ಮೀ. ಸರಿದಿತ್ತು. ಬೋಲ್ಟಿಗೂ ಪಿನ್ನಿಗೂ ಅಂತರ 40 ಮಿ.ಮೀ., ಲಿಂಬಿನ ಉದ್ದ ಸುಮಾರು 530. ಪಿನ್ನಿನಲ್ಲಿ ಅರ್ಧ ಮಿ.ಮೀ. ತಪ್ಪಿದರೆ ತುದಿಯಲ್ಲಿ ಆರೂವರೆ. ಲಿಂಬನ್ನು ಬಿಸಿ ಮಾಡಿ ತಿರುಚಿದ್ದರೆ ನೇರವಿದ್ದ ಲಿಂಬ್ ಹಾಳಾಗಿ, ಹೆದೆ ಮಾತ್ರ ನಡುವೆ ಬಂದಂತೆ ಕಂಡು, ನಿಜವಾದ ದೋಷ ಒಳಗೇ ಮುಚ್ಚಿಹೋಗುತ್ತಿತ್ತು.

ಪಿನ್ನಿನ ತೂತಿಗೆ ಎಪಾಕ್ಸಿ ಹಚ್ಚಿದ ಗೂಟ ಹೊಡೆದು, 6 ಮಿ.ಮೀ. ಉಕ್ಕಿನ ತಗಡಿನಲ್ಲಿ ಬೋಲ್ಟ್ ಮತ್ತು ಪಿನ್ ಎರಡರ ಮಾರ್ಗದರ್ಶಿ ತೂತಿರುವ ಒಂದು ಜಿಗ್ ಮಾಡಿ, ಎರಡೂ ಪೀಠಗಳನ್ನು ಅದರಿಂದಲೇ ಮತ್ತೆ ಕೊರೆದರು. ಹೆದೆ ನಡುವೆ ನಿಂತಿತು.

ಜೋಡಿಯಲ್ಲದ ಲಿಂಬ್

ಉಳಿದ ತೊಡಕು 28 ಮತ್ತು 24ರ ಜೋಡಿ. ರೈಸರಿನಿಂದ ಲಿಂಬ್ ಹೊರಬರುವ ಜಾಗದಿಂದ ಹೆದೆಗೆ ಲಂಬ ಅಂತರ ಅಳೆದರೆ ಮೇಲೆ 208 ಮಿ.ಮೀ., ಕೆಳಗೆ 188. ಇವೆರಡರ ವ್ಯತ್ಯಾಸವೇ ಟಿಲ್ಲರ್. ಬಾಣದ ಮೇಲೆ ಒಂದು ಬೆರಳು, ಕೆಳಗೆ ಎರಡು ಇಟ್ಟು ಎಳೆಯುವವರಿಗೆ ಮೇಲಿನದು 3ರಿಂದ 6 ಮಿ.ಮೀ. ಹೆಚ್ಚಿರಬೇಕು, 20 ಅಲ್ಲ. ಪೀಠದ ಹೊರ ಅಂಚಿನಲ್ಲಿ ಶಿಮ್ (ತೆಳು ತಗಡಿನ ತುಂಡು) ಇಟ್ಟರೆ ಲಿಂಬ್ ಗಡುಸಾಗುತ್ತದೆ, ಬುಡದ ಕಡೆ ಇಟ್ಟರೆ ಮೆತ್ತಗಾಗುತ್ತದೆ. ಮೇಲೆ ಹೊರ ಅಂಚಿಗೆ 1 ಮಿ.ಮೀ., ಕೆಳಗೆ ಬುಡಕ್ಕೆ ಅರ್ಧ ಮಿ.ಮೀ. ಹಿತ್ತಾಳೆ ಶಿಮ್ ಇಟ್ಟಾಗ ವ್ಯತ್ಯಾಸ 6 ಮಿ.ಮೀ.ಗೆ ಇಳಿಯಿತು.

ಅಂಕಿ ಸರಿಯಾಯಿತು, ಬಿಲ್ಲು ಸರಿಯಾಗಲಿಲ್ಲ. ಸ್ಟ್ಯಾಂಡಿನ ಹಿಂದೆ ಗೆರೆ ಹಾಕಿದ ಹಲಗೆ ಇಟ್ಟು ಎಳೆದಾಗ ಹೆದೆಯಲ್ಲಿ ಬಾಣ ಕೂರುವ ಬಿಂದು ನೇರ ಬರದೆ ಕೊನೆಯ 20 ಸೆಂ.ಮೀ.ನಲ್ಲಿ 9 ಮಿ.ಮೀ. ಗೆರೆ ತಪ್ಪಿತು. ಎರಡು ಲಿಂಬಿನ ಗಡಸುತನವೇ ಬೇರೆ ಬೇರೆ ಇರುವಾಗ ಶಿಮ್ ಆರಂಭದ ಸ್ಥಾನವನ್ನು ಮಾತ್ರ ಸರಿಪಡಿಸುತ್ತದೆ, ದಾರಿಯನ್ನಲ್ಲ. ತರಬೇತಿ ಮೈದಾನದಲ್ಲಿ 18 ಮೀಟರಿಗೆ ಬಿಟ್ಟಾಗ ಬಾಣಗಳು ಅಡ್ಡಕ್ಕೆ ಒತ್ತಾಗಿ, ಮೇಲೆ ಕೆಳಗೆ ಉದ್ದಕ್ಕೆ ಚೆದುರಿದವು. ಶಿಮ್ ಇಟ್ಟ ಲಿಂಬ್ ಪೀಠದ ಮೇಲೆ ಪೂರ್ತಿ ಕೂರದೆ ಅಂಚಿನ ಮೇಲೇ ನಿಲ್ಲುತ್ತದೆ ಎಂಬುದು ಇನ್ನೊಂದು ಕೇಡು.

28ರ ಲಿಂಬಿನ ಅಂಚು ಉಜ್ಜಿ 24ಕ್ಕೆ ಇಳಿಸುವ ಯೋಚನೆಯೂ ಬಂತು. ಗಡಸುತನ ಅಗಲಕ್ಕೆ ನೇರವಾಗಿ, ದಪ್ಪಕ್ಕೆ ಘನದಂತೆ ಬದಲಾಗುತ್ತದೆ. 14 ಶೇಕಡಾ ಇಳಿಸಬೇಕೆಂದರೆ 45 ಮಿ.ಮೀ. ಅಗಲದಿಂದ 6 ಮಿ.ಮೀ.ಗಿಂತ ಹೆಚ್ಚು ತೆಗೆಯಬೇಕು. ರಿಕರ್ವ್ ಲಿಂಬ್ ಅಷ್ಟು ಸಣ್ಣಗಾದರೆ ತುದಿಯ ಬಾಗಿನಲ್ಲಿ ತಿರುಚದೆ ಬಿಡದು. ದಪ್ಪ ಉಜ್ಜಿದರೆ ಫೈಬರ್ ಎಳೆಗಳೇ ಕಡಿದುಹೋಗುತ್ತವೆ. ತರಬೇತುದಾರರು ಬೇಡವೆಂದರು, ಮಾಮಾ ಒಪ್ಪಿದರು.

“ಒಂದು ಪಟ್ಟಿ ಸಲುವಾಗಿ ಎರಡು ಕೊಳ್ಳೋದಾತಲ್ಲ” ಎಂದು ಬೇಸರವಾದರೂ ಕೊನೆಗೆ 24 ಪೌಂಡಿನ ಹೊಸ ಜೋಡಿ ತಂದರು. ಕೊಳ್ಳುವ ಮುಂಚೆ ಬೋಲ್ಟ್ ಮತ್ತು ಪಿನ್ನಿನ ಅಂತರ 40 ಮಿ.ಮೀ. ಹೌದೇ ಎಂದು ಜಿಗ್ ಇಟ್ಟು ನೋಡಿದರು. ಬೋಲ್ಟ್ ಜಾತಿಯ ಲಿಂಬುಗಳೆಲ್ಲ ಒಂದೇ ಅಳತೆಯವಲ್ಲ. ಹಾಗಾಗಿ ಗುಜರಿಯಿಂದ ಬಿಲ್ಲಿನಲ್ಲಿ ಉಳಿದದ್ದು ರೈಸರಿನ ಮರ, ಪ್ಲೈ, ಮತ್ತು ಬಾಣ. ಲಿಂಬ್, ಹೆದೆ, ಬೋಲ್ಟ್, ಬಾಣ ಕೂರುವ ರೆಸ್ಟ್ ಹೊಸದು. ನಮ್ಮ ಲೆಕ್ಕದಲ್ಲಿ ಈ ಹಂಚಿಕೆ ಸರಿಯಾದದ್ದು, ಆರಂಭದಲ್ಲೇ ಹೀಗೆ ನಿರ್ಧರಿಸಿದ್ದರೆ ಶಿಮ್ಮಿನ ಕೆಲಸವೆಲ್ಲ ಉಳಿಯುತ್ತಿತ್ತು.

ಹೊಂದಿಸಿದ ಮೇಲೆ

ಸ್ಟ್ಯಾಂಡಿನಲ್ಲಿ 66.7 ಸೆಂ.ಮೀ.ಗೆ 11.2 ಕೆ.ಜಿ. ಬಂತು, ಅಂದರೆ 24.7 ಪೌಂಡ್. ಹುಡುಗಿಯ ಎಳೆತ 26 ಇಂಚು. ಇಂಚಿಗೆ ಸುಮಾರು 2 ಪೌಂಡ್ ಇಳಿಯುವುದರಿಂದ ಅವಳ ಬೆರಳಿಗೆ ಬೀಳುವುದು 20ರ ಆಸುಪಾಸು. ಹೆದೆಯಿಂದ ಹಿಡಿಗೆ ಅಂತರ 20.5 ಸೆಂ.ಮೀ.ನಿಂದ ಶುರುಮಾಡಿ, ಹೆದೆಗೆ ಸುತ್ತು ಹೆಚ್ಚಿಸುತ್ತ ಹೋದಾಗ 21.5ರಲ್ಲಿ ಸದ್ದು, ಕೈಗೆ ಬರುವ ನಡುಕ ಎರಡೂ ಕಡಿಮೆಯಾದವು. ಟಿಲ್ಲರ್ 4 ಮಿ.ಮೀ., ಬಾಣ ಕೂರುವ ಬಿಂದು ರೆಸ್ಟಿನಿಂದ ಹೆದೆಗೆ ಎಳೆದ ಲಂಬಗೆರೆಗಿಂತ 9 ಮಿ.ಮೀ. ಮೇಲೆ.

ಅಲ್ಯೂಮಿನಿಯಂ ಬಾಣಗಳು 1716 ಅಳತೆಯವು, ಅಂದರೆ 17/64 ಇಂಚು ವ್ಯಾಸ, 0.016 ಇಂಚು ಗೋಡೆ. ಗಾಜಿನ ಮೇಲೆ ಉರುಳಿಸಿದಾಗ ಮೂರು ಕುಣಿದವು, ಬಿಟ್ಟರು. ಉಳಿದ ಆರರಲ್ಲಿ ಒಂದರ ಗರಿ ಕಿತ್ತು 15 ಮೀಟರಿಗೆ ಬಿಟ್ಟಾಗ ಅದು ಗರಿಯಿದ್ದ ಬಾಣಗಳಿಗಿಂತ ಒಂದು ಗೇಣು ಎಡಕ್ಕೆ ಬಿತ್ತು. ಬಲಗೈಯವರಿಗೆ ಎಡ ಎಂದರೆ ಬಾಣ ಗಡುಸು. 20 ಪೌಂಡಿಗೆ 1716 ಗಡುಸೇ, 1616 ಹೊಂದುತ್ತದೆ. ಉದ್ದ ಕತ್ತರಿಸದೆ 29 ಇಂಚೇ ಬಿಟ್ಟು, ಭಾರದ ಮೊನೆ ಹಾಕಿ, ಪ್ಲಂಜರಿನ ಸ್ಪ್ರಿಂಗ್ ಸಡಿಲಿಸಿದಾಗ ಅಂತರ ನಾಲ್ಕು ಬೆರಳಿಗೆ ಇಳಿಯಿತು. ಅಭ್ಯಾಸಕ್ಕೆ ಅಷ್ಟು ಸಾಕೆಂದು ಅಲ್ಲಿಗೆ ನಿಲ್ಲಿಸಿದರು.

ಮೊದಲ 100 ಬಾಣಗಳಾದ ಮೇಲೆ ಬೋಲ್ಟನ್ನು ಕಾಲು ಸುತ್ತು ಬಿಗಿಯಬೇಕಾಯಿತು, ಮರ ಒತ್ತಿಕೊಳ್ಳುವುದರಿಂದ ಇದು ಆಗಿಯೇ ಆಗುತ್ತದೆ. ಹೆದೆಯನ್ನು ಸ್ಟ್ರಿಂಗರ್ ಹಗ್ಗದಿಂದಲೇ ಏರಿಸುತ್ತಾರೆ, ತೊಡೆಯ ನಡುವೆ ಬಿಲ್ಲು ತೂರಿಸಿ ಬಾಗಿಸಿದರೆ ಲಿಂಬ್ ತಿರುಚುತ್ತದೆ. ಮಳೆಗಾಲಕ್ಕೆ ಮುಂಚೆ ರೈಸರಿಗೆ ಪಿಯು ಪಾಲಿಶ್ ಹೊಡೆದು, ಬೋಲ್ಟಿನ ತೂತಿನ ಒಳಗೂ ಬ್ರಶ್ ಆಡಿಸಿದರು.

ಹುಡುಗಿ ಬೆಳೆಯುತ್ತಿದ್ದಾಳೆ, ಎಳೆತ 27 ಇಂಚಿಗೆ ಹತ್ತಿರ ಬಂದಿದೆ, 28 ಪೌಂಡಿನ ಜೋಡಿಯ ಮಾತು ಎದ್ದಿದೆ. ಅದಕ್ಕೆ ಮುಂಚೆ ರೈಸರ್ ಮತ್ತೆ ಸ್ಟ್ಯಾಂಡಿಗೆ ಏರಬೇಕು: ಹೊಸ ಲಿಂಬಿನೊಂದಿಗೆ ಅವಳ ಎಳೆತಕ್ಕಿಂತ 5 ಸೆಂ.ಮೀ. ಹೆಚ್ಚಿಗೆ, 30 ಸಲ, ಆಮೇಲೆ ಕಿಟಕಿಯ ಕೆಳಮೂಲೆ ಮತ್ತು ಎರಡೂ ಪೀಠಗಳ ಮೇಲೆ ಟಾರ್ಚ್. ಅಲ್ಲಿಯತನಕ ಪೀಠದ ಪಕ್ಕದಲ್ಲಿ ಮಾಮಾ ಕೊರೆದಿರುವ ಮಿತಿ 26 ಪೌಂಡ್.